ದೋರೆಯ ಡಾನ್ ಕ್ವಿಕ್ಸೋಟ್ ಚಿತ್ರ ನೋಡುವುದು ಹೇಗೆ: ಕನಸು ಎಲ್ಲಿ, ನಿಜ ಎಲ್ಲಿ?

ಒಬ್ಬ ಒಣಕಲು ಮನುಷ್ಯ ಕುರ್ಚಿಯಲ್ಲಿ ಕೂತಿದ್ದಾನೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಮೇಲಕ್ಕೆತ್ತಿದ ಕತ್ತಿ. ಸುತ್ತಲೂ ಜಾತ್ರೆ. ಕುದುರೆ ಏರಿದ ವೀರರು, ಹೆಂಗಸರು, ವಿಕಾರ ಪ್ರಾಣಿಗಳು, ನೆಲದ ಮೇಲೆ ಒಂದು ರಾಕ್ಷಸನ ತಲೆ, ಅಲ್ಲಲ್ಲಿ ಬಿದ್ದ ಪುಸ್ತಕಗಳು. 1863ರಲ್ಲಿ ಪ್ಯಾರಿಸ್‌ನ ಹಾಶೆಟ್ ಪ್ರಕಾಶನ ತಂದ 'ಡಾನ್ ಕ್ವಿಕ್ಸೋಟ್' ಅನ್ನುವ ಸ್ಪ್ಯಾನಿಷ್ ಕಾದಂಬರಿಯ ಶುರುವಿನ ದೊಡ್ಡ ಚಿತ್ರ ಇದು. ಕುರ್ಚಿಯಲ್ಲಿರುವವನೇ ಕತೆಯ ನಾಯಕ ಡಾನ್ ಕ್ವಿಕ್ಸೋಟ್. ಬಿಡಿಸಿದವನು ಗುಸ್ತಾವ್ ದೋರೆ (ದೊರೆ ಅಲ್ಲ, ದೋರೆ). ಮರದಲ್ಲಿ ಕೆತ್ತಿದವನು ಎಲಿಯೊದೋರ್ ಪಿಸಾನ್.

ಈ ಚಿತ್ರದ ಬಗ್ಗೆ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ 'ಆದರ್ಶ ಮತ್ತು ವಾಸ್ತವದ ಸಂಘರ್ಷ' ಅನ್ನುತ್ತಾರೆ. ಇರಬಹುದು. ಆದರೆ ಅದು ಚಿತ್ರದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸಿ ಅಂದರೆ ತಡವರಿಸುತ್ತಾರೆ. ನಾನೂ ತುಂಬಾ ದಿನ ತಡವರಿಸಿದವನೇ. ಆಮೇಲೆ ನಿಧಾನಕ್ಕೆ ಒಂದು ಕ್ರಮ ಸಿಕ್ಕಿತು, ಅದನ್ನೇ ಇಲ್ಲಿ ಬರೆದಿದ್ದೇನೆ. ಕಲೆ ಓದಿರಬೇಕಾಗಿಲ್ಲ. ಒಂದು ಸಂಜೆ ಬಿಡುವು ಬೇಕು, ಒಂದು ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

1. ಎರಡೇ ಚಿತ್ರ ಆರಿಸಿಕೊಳ್ಳಿ

ಆ ಆವೃತ್ತಿಯಲ್ಲಿ ಸಣ್ಣದು ದೊಡ್ಡದು ಎಲ್ಲ ಸೇರಿ ಮುನ್ನೂರೈವತ್ತಕ್ಕೂ ಜಾಸ್ತಿ ಚಿತ್ರಗಳಿವೆ. ಎಲ್ಲವನ್ನೂ ಒಂದೇ ಸಲ ಸರಸರ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ, ಉದ್ದನೆಯ ಮನುಷ್ಯ, ಕುಳ್ಳ ಮನುಷ್ಯ, ಬಂಡೆ, ಮೋಡ, ಮತ್ತೆ ಉದ್ದನೆಯ ಮನುಷ್ಯ. ಅದಕ್ಕೇ ಎರಡು ಸಾಕು. ಒಂದು ಮೇಲೆ ಹೇಳಿದ ಕುರ್ಚಿಯ ಚಿತ್ರ. ಇನ್ನೊಂದು ಗಾಳಿಗಿರಣಿಯ ಚಿತ್ರ, ರೆಕ್ಕೆ ಕುದುರೆಯನ್ನೂ ಸವಾರನನ್ನೂ ಒಟ್ಟಿಗೆ ಎತ್ತಿ ಬಿಸಾಡುವುದು.

ಎರಡೂ ಪುಕ್ಕಟೆ ಸಿಗುತ್ತವೆ. ದೋರೆ ತೀರಿಕೊಂಡಿದ್ದು 1883ರಲ್ಲಿ, ಹಾಗಾಗಿ ಹಕ್ಕಿನ ತಕರಾರಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇಂಗ್ಲಿಷ್ ಅನುವಾದದ ಜೊತೆಗೇ ಇವೆ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಇವೆ. ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣವನ್ನೂ ಒಮ್ಮೆ ನೋಡಿ. ಎಲ್ಲಿಂದಾದರೂ ತೆಗೆದುಕೊಳ್ಳಿ, ಆದರೆ ಸಿಗುವುದರಲ್ಲೇ ಅತಿ ದೊಡ್ಡ ಅಳತೆಯ ಕಡತ ಇಳಿಸಿಕೊಳ್ಳಿ. ಮೊಬೈಲ್‌ನಲ್ಲಿ ನೋಡಿದರೆ ಕಪ್ಪು ಮುದ್ದೆ ಕಾಣುತ್ತದೆ ಅಷ್ಟೇ. ಈ ಪುಸ್ತಕ ಮೂಲದಲ್ಲಿ ಎರಡೂ ಕೈಯಲ್ಲಿ ಹಿಡಿಯಬೇಕಾದ ದೊಡ್ಡ ಗಾತ್ರದ್ದು. ಅದನ್ನು ಅಂಗೈಯಗಲಕ್ಕೆ ಇಳಿಸಿದರೆ ಗೆರೆಗಳು ಒಂದರ ಮೇಲೊಂದು ಬಿದ್ದು ಸತ್ತೇ ಹೋಗುತ್ತವೆ.

2. ಚಿತ್ರಕ್ಕೆ ಮುಂಚೆ ಕತೆ ಓದಿ

ಸಾವಿರ ಪುಟ ಓದಿ ಅಂತಲ್ಲ. ಸ್ಪೇನಿನ ಲೇಖಕ ಸೆರ್ವಾಂಟಿಸ್ ಈ ಕಾದಂಬರಿಯ ಮೊದಲ ಭಾಗ ತಂದಿದ್ದು 1605ರಲ್ಲಿ, ಎರಡನೆಯದು 1615ರಲ್ಲಿ. ನಿಮಗೆ ಈಗ ಬೇಕಾಗಿರುವುದು ಮೊದಲ ಭಾಗದ 1 ಮತ್ತು 8ನೇ ಅಧ್ಯಾಯ. ಅರ್ಧ ಗಂಟೆಯ ಕೆಲಸ.

ಒಂದನೇ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಅದನ್ನು ಎರಡು ಸಲ ಓದಿ. ಐವತ್ತರ ಹತ್ತಿರದ ಈ ಮನುಷ್ಯನಿಗೆ ವೀರರ ಕತೆ ಓದಿ ಓದಿ ತಲೆ ಕೆಟ್ಟಿದೆ, ತಾನೂ ಕುದುರೆ ಏರಿ ಹೊರಡಬೇಕು ಅಂತ ತೀರ್ಮಾನಿಸಿದ್ದಾನೆ. ಮುತ್ತಾತಂದಿರ ಕಾಲದ ಕವಚ ತೆಗೆದು ತುಕ್ಕು ಉಜ್ಜುತ್ತಾನೆ. ನೋಡಿದರೆ ಶಿರಸ್ತ್ರಾಣಕ್ಕೆ ಮುಖ ಮುಚ್ಚುವ ಭಾಗವೇ ಇಲ್ಲ. ರಟ್ಟು ತಂದು ಒಂದು ವಾರ ಕೂತು ಆ ಭಾಗ ಮಾಡುತ್ತಾನೆ. ಗಟ್ಟಿಯಿದೆಯೋ ಇಲ್ಲವೋ ನೋಡೋಣ ಅಂತ ಕತ್ತಿಯಿಂದ ಹೊಡೆಯುತ್ತಾನೆ. ಮೊದಲ ಏಟಿಗೇ ವಾರದ ಕೆಲಸ ಚಿಂದಿ. ಮತ್ತೆ ಕೂತು, ಈ ಸಲ ಒಳಗೆ ಕಬ್ಬಿಣದ ಪಟ್ಟಿ ಕೊಟ್ಟು ಮಾಡುತ್ತಾನೆ. ಆಮೇಲೆ? ಪರೀಕ್ಷೆ ಮಾಡುವುದಿಲ್ಲ. ಇದು ಒಳ್ಳೆಯ ಶಿರಸ್ತ್ರಾಣ ಅಂತ ಒಪ್ಪಿಕೊಂಡುಬಿಡುತ್ತಾನೆ.

ಗಾಳಿಗಿರಣಿಗೆ ಡಿಕ್ಕಿ ಹೊಡೆಯುವ ಹುಚ್ಚ ಅಂತ ಇವನನ್ನು ಎಲ್ಲರೂ ಬಲ್ಲರು. ನನಗೆ ಮಾತ್ರ ಆ ಎರಡನೇ ಸಲ ಹೊಡೆಯದೆ ಬಿಟ್ಟ ಕತ್ತಿಯೇ ಜಾಸ್ತಿ ಇಷ್ಟ. ರಟ್ಟು ರಟ್ಟೇ ಅಂತ ಅವನಿಗೆ ಗೊತ್ತಿತ್ತು, ಅಲ್ವಾ? ಗೊತ್ತಿದ್ದೇ ಬಿಟ್ಟ. ಇದನ್ನು ತಲೆಯಲ್ಲಿ ಇಟ್ಟುಕೊಂಡು ಕುರ್ಚಿಯ ಚಿತ್ರಕ್ಕೆ ಹೋದರೆ ಆ ಮುಖ ಬರೀ ಹುಚ್ಚನ ಮುಖ ಅನಿಸುವುದಿಲ್ಲ.

3. ಗೆರೆ ನೋಡಿ, ಅರ್ಥ ಆಮೇಲೆ

ಈಗ ಭೂತಗನ್ನಡಿ ತೆಗೆಯಿರಿ, ಇಲ್ಲವೇ ಪರದೆಯ ಮೇಲೆ ಚಿತ್ರವನ್ನು ಮುಖ ಮೂತಿ ತಿಳಿಯದಷ್ಟು ಹಿಗ್ಗಿಸಿ. ಬರೀ ಗೆರೆ ಕಾಣಬೇಕು.

ಇದು ಮರಕೆತ್ತನೆ. ಬಾಕ್ಸ್‌ವುಡ್ ಅನ್ನುವ ಗಟ್ಟಿ ಮರವನ್ನು ಅಡ್ಡಕ್ಕೆ ಕೊಯ್ದು, ಆ ತುದಿಯ ಮುಖವನ್ನು ಕನ್ನಡಿಯ ಹಾಗೆ ನಯ ಮಾಡಿ, ಅದರ ಮೇಲೆ ಸಣ್ಣ ಉಳಿಯಿಂದ ಗೆರೆ ತೆಗೆಯುತ್ತಾರೆ. ಹದಿನೆಂಟನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ ಈ ಕೆಲಸಕ್ಕೆ ದೊಡ್ಡ ಹೆಸರು ತಂದ. ಅಚ್ಚಿನ ಮೊಳೆಗಳಷ್ಟೇ ಎತ್ತರಕ್ಕೆ ಮರದ ತುಂಡು ಮಾಡಿದರೆ ಅಕ್ಷರವನ್ನೂ ಚಿತ್ರವನ್ನೂ ಒಂದೇ ಸಲಕ್ಕೆ ಮುದ್ರಿಸಬಹುದು. ತಾಮ್ರದ ತಗಡಿನಲ್ಲಿ ಕೆತ್ತಿದ ಚಿತ್ರಕ್ಕೆ ಈ ಸೌಕರ್ಯ ಇಲ್ಲ, ಅದಕ್ಕೆ ಬೇರೆಯದೇ ಯಂತ್ರ ಬೇಕು. ಹತ್ತೊಂಬತ್ತನೇ ಶತಮಾನದ ಯುರೋಪಿನ ಪುಸ್ತಕಗಳಲ್ಲಿ ಇಷ್ಟೊಂದು ಚಿತ್ರ ಇರುವುದಕ್ಕೆ ಇದು ದೊಡ್ಡ ಕಾರಣ. ಬಾಕ್ಸ್‌ವುಡ್ ಮರದ ಬೊಡ್ಡೆ ಸಣ್ಣದು. ದೊಡ್ಡ ಚಿತ್ರ ಬೇಕಾದರೆ ಹಲವು ತುಂಡು ಜೋಡಿಸಿ ಬಿಗಿಯಬೇಕು. ಹಾಗಾಗಿ ಆ ಕಾಲದ ಕೆಲವು ಮುದ್ರಣಗಳಲ್ಲಿ ಆಕಾಶದ ನಡುವೆ ಕೂದಲೆಳೆಯಂಥ ನೆಟ್ಟನೆಯ ಬಿಳಿ ಗೆರೆ ಕಾಣುತ್ತದೆ. ಅದು ಗೀರಲ್ಲ, ಜೋಡಣೆಯ ಜಾಗ.

ನಮಗೆ ಬೇಕಾದ ಸಂಗತಿ ಇಷ್ಟು. ಮರದಲ್ಲಿ ಮುಟ್ಟದೆ ಬಿಟ್ಟ ಜಾಗ ಕಪ್ಪಾಗಿ ಅಚ್ಚಾಗುತ್ತದೆ, ಕೆತ್ತಿ ತೆಗೆದ ಜಾಗ ಬಿಳಿಯಾಗಿ ಉಳಿಯುತ್ತದೆ. ನಡುವೆ ಬೂದು ಅನ್ನುವುದೇ ಇಲ್ಲ. ನಿಮ್ಮ ಕಣ್ಣಿಗೆ ಬೂದು ಕಂಡರೆ ಅದು ಒತ್ತೊತ್ತಾಗಿ ಹಾಕಿದ ಗೆರೆಗಳ ಆಟ. ದೋರೆ ಮರದ ಮೇಲೇ ಕುಂಚದಲ್ಲಿ ನೀರುಮಸಿ ಬಳಿದು ನೆರಳು ಬೆಳಕು ತೋರಿಸುತ್ತಿದ್ದ. ಅದನ್ನು ಯಾವ ಗೆರೆಯಾಗಿ ಮಾಡಬೇಕು, ಎಷ್ಟು ದಪ್ಪ, ಯಾವ ಕಡೆಗೆ ಬಾಗಬೇಕು ಅಂತ ನಿರ್ಧರಿಸುವುದು ಕೆತ್ತುವವನ ಪಾಲು. ಅದಕ್ಕೇ ಚಿತ್ರದ ಕೆಳಮೂಲೆಗಳಲ್ಲಿ ಎರಡು ಹೆಸರು ಹುಡುಕಿ, ಒಂದು ದೋರೆಯದು, ಇನ್ನೊಂದು ಪಿಸಾನ್‌ನದು. ಜನ ಎರಡನೇ ಹೆಸರನ್ನು ಮರೆತುಬಿಡುತ್ತಾರೆ, ನನಗೆ ಅದು ಅನ್ಯಾಯ ಅನಿಸುತ್ತದೆ.

ಭೂತಗನ್ನಡಿಗೆ ಇನ್ನೊಂದು ಉಪಯೋಗವಿದೆ, ನನ್ನ ಕತೆಯನ್ನೇ ಹೇಳುತ್ತೇನೆ. ಹಳೇ ಪುಸ್ತಕದಿಂದ ಬಿಡಿಸಿದ ಹಾಳೆ ಅಂತ ನಂಬಿ ಗಿರಣಿಯ ಚಿತ್ರ ಒಂದನ್ನು ಕೊಂಡೆ. ಕಾಗದ ಹಳದಿಯಾಗಿತ್ತು, ಮೂಲೆ ಮುದುಡಿತ್ತು, ಹಳೇ ವಾಸನೆಯೂ ಇತ್ತು, ಇನ್ನೇನು ಬೇಕು ಅಂದುಕೊಂಡೆ. ಮನೆಗೆ ತಂದು ಗಾಜು ಹಿಡಿದರೆ ಪೂರ್ತಿ ಚುಕ್ಕಿ. ಸಾಲುಸಾಲಾಗಿ, ಅಚ್ಚುಕಟ್ಟಾಗಿ, ಹಳೇ ದಿನಪತ್ರಿಕೆಯ ಫೋಟೋದಲ್ಲಿ ಇರುತ್ತಲ್ಲ, ಹಾಗೆ. ಮರಕೆತ್ತನೆಯಲ್ಲಿ ಗೆರೆಗೆ ಅಂಚು ಇರುತ್ತದೆ, ಅದು ಚೂಪಾಗಿ ಶುರುವಾಗಿ ಉಬ್ಬಿ ಮತ್ತೆ ಚೂಪಾಗುತ್ತದೆ. ಗೆರೆಗಳೆಲ್ಲ ಒಡೆದು ಒಂದೇ ಅಂತರದ ಚುಕ್ಕಿಸಾಲುಗಳಾಗಿದ್ದರೆ ಅದು ಫೋಟೋ ತೆಗೆದು ಮಾಡಿದ ನಕಲು. ಮಾರಿದವರು ಬೇಕಂತಲೇ ಮೋಸ ಮಾಡಿದರೋ, ಅವರಿಗೂ ಗೊತ್ತಿರಲಿಲ್ಲವೋ, ಕೇಳಲು ಹೋಗಲಿಲ್ಲ. ಕೊಳ್ಳುವ ಮುಂಚೆ ಗಾಜು ಹಿಡಿಯಬೇಕಿತ್ತು, ಹಿಡಿಯಲಿಲ್ಲ.

4. ಈಗ ಕೇಳಿ: ಇದು ಯಾರ ಕಣ್ಣು?

ಮಿಕ್ಕದ್ದೆಲ್ಲ ಬಿಟ್ಟರೂ ಇದೊಂದನ್ನು ಮಾತ್ರ ಬಿಡಬೇಡಿ.

ಕುರ್ಚಿಯ ಚಿತ್ರಕ್ಕೆ ಬನ್ನಿ. ಕೋಣೆಯಲ್ಲಿ ನಿಜವಾಗಿ ಇರುವುದು ಏನೇನು? ಒಬ್ಬ ಮನುಷ್ಯ, ಕುರ್ಚಿ, ಪುಸ್ತಕಗಳು, ಕತ್ತಿ. ಮಿಕ್ಕಿದ್ದೆಲ್ಲ ಅವನ ತಲೆಯಿಂದ ಬಂದಿದ್ದು. ಆದರೆ ಆ ಗುಂಪಿನ ಸುತ್ತ ದೋರೆ ಬೇಲಿ ಹಾಕಿಲ್ಲ. ಕನಸು ಅಂತ ತೋರಿಸಲು ಚಿತ್ರಗಾರರು ಮೋಡದ ಗುಳ್ಳೆ ಬರೆಯುತ್ತಾರಲ್ಲ, ಅದೂ ಇಲ್ಲ. ಹಿಂದೆ, ಮೇಲೆ ಇರುವವರು ತಿಳಿಯಾಗುತ್ತಾ ಹೋಗುತ್ತಾರೆ, ನಿಜ, ಆದರೆ ದೂರದ ಯಾವ ವಸ್ತುವೂ ಹಾಗೆ ತಿಳಿಯಾಗುತ್ತದೆ. ಹತ್ತಿರ ಇರುವವರ ಮೇಲೆ ಗಾಜು ಹಿಡಿಯಿರಿ. ಕುರ್ಚಿಗೆ ಒಂದು ಥರ ಗೆರೆ, ಕಲ್ಪನೆಯ ವೀರನಿಗೆ ಇನ್ನೊಂದು ಥರ ಗೆರೆ ಅಂತ ಬೇರೆ ಮಾಡಲು ನನಗಂತೂ ಆಗಲಿಲ್ಲ. ಎರಡಕ್ಕೂ ಅದೇ ಉಳಿ, ಅದೇ ಮಸಿ. ಅಂದರೆ ನಾವು ಅವನನ್ನು ಹೊರಗಿನಿಂದ ನೋಡುತ್ತಾ, ಅವನಿಗೆ ಕಾಣುವುದನ್ನೂ ಅವನ ಕಣ್ಣಿನಿಂದಲೇ ನೋಡುತ್ತಿದ್ದೇವೆ. ಒಂದೇ ಹಾಳೆಯಲ್ಲಿ ಎರಡು ಕಣ್ಣು.

ಈಗ ಗಿರಣಿ. ಎಂಟನೇ ಅಧ್ಯಾಯದಲ್ಲಿ ಸೆರ್ವಾಂಟಿಸ್ ಮೊದಲೇ ಹೇಳಿಬಿಡುತ್ತಾನೆ: ಬಯಲಲ್ಲಿ ಮೂವತ್ತೋ ನಲವತ್ತೋ ಗಾಳಿಗಿರಣಿಗಳು ಕಂಡವು. ಆಮೇಲೆ ಡಾನ್ ಕ್ವಿಕ್ಸೋಟ್ ಅವು ರಾಕ್ಷಸರು ಅನ್ನುತ್ತಾನೆ, ಬಂಟ ಸಾಂಚೋ ಪಾಂಜಾ ಅಲ್ಲ ಸ್ವಾಮಿ, ಗಿರಣಿ ಅನ್ನುತ್ತಾನೆ. ಓದುವವನಿಗೆ ಒಂದು ಕ್ಷಣವೂ ರಾಕ್ಷಸ ಕಾಣುವುದಿಲ್ಲ. ದೋರೆಯೂ ಅದನ್ನೇ ಹಿಡಿದಿದ್ದಾನೆ. ಅವನ ಚಿತ್ರದಲ್ಲಿ ಗಿರಣಿ ಗಿರಣಿಯೇ. ಅದಕ್ಕೆ ಮುಖ ಇಲ್ಲ, ಕೈ ಇಲ್ಲ, ಕೋರೆಹಲ್ಲು ಇಲ್ಲ. ಶುರುವಿನಲ್ಲಿ ಕೋಣೆ ತುಂಬ ರಾಕ್ಷಸರನ್ನು ತುಂಬಿದ ಕಲಾವಿದ, ರಾಕ್ಷಸ ಬೇಕೇ ಬೇಕು ಅನ್ನುವ ಜಾಗದಲ್ಲಿ ಒಬ್ಬನನ್ನೂ ಬರೆಯಲಿಲ್ಲ. ಈಗ ನಾವು ನಿಂತಿರುವುದು ಸಾಂಚೋನ ಪಕ್ಕದಲ್ಲಿ.

ಮನೆಯೊಳಗೆ ಕೂತಿರುವಾಗ ಕನಸು ಗಟ್ಟಿ. ಬಯಲಿಗೆ ಬಂದಾಗ ಗಿರಣಿ ಗಟ್ಟಿ. ಎರಡು ಚಿತ್ರ ಪಕ್ಕಪಕ್ಕ ಇಟ್ಟುಕೊಂಡರೆ ಮಾತ್ರ ಇದು ಕಾಣುತ್ತದೆ, ಅದಕ್ಕೇ ಮೊದಲೇ ಎರಡು ಆರಿಸಿ ಅಂದಿದ್ದು.

ಆದರೆ ಗಿರಣಿ ಎಷ್ಟು ದೊಡ್ಡದು ನೋಡಿ. ಚೌಕಟ್ಟನ್ನೇ ನುಂಗುವ ಹಾಗೆ ಬಂದು ನಿಂತಿದೆ. ಮುಖ ಬರೆಯದೇ ಅದಕ್ಕೆ ರಾಕ್ಷಸನ ಮೈಕಟ್ಟು ಕೊಟ್ಟುಬಿಟ್ಟಿದ್ದಾನೆ. ಸುಮ್ನೆ 'ಇದು ವಾಸ್ತವ' ಅಂತ ಚೀಟಿ ಅಂಟಿಸಿ ಮುಂದೆ ಹೋದರೆ ಈ ತುಂಟತನ ತಪ್ಪಿಹೋಗುತ್ತದೆ.

5. ಸಾಂಚೋನನ್ನು ಹುಡುಕಿ

ದೋರೆಯ ಯಾವುದೇ ಚಿತ್ರದಲ್ಲಿ ಇಬ್ಬರೂ ಇದ್ದರೆ ಮೊದಲು ಸಾಂಚೋ ಎಲ್ಲಿದ್ದಾನೆ, ಎಷ್ಟು ದೊಡ್ಡದಾಗಿದ್ದಾನೆ, ಯಾವ ಕಡೆ ನೋಡುತ್ತಿದ್ದಾನೆ ಅಂತ ಗುರುತು ಮಾಡಿಕೊಳ್ಳಿ. ಯಜಮಾನ ನೋಡುತ್ತಿರುವುದನ್ನೇ ಅವನೂ ನೋಡುತ್ತಿದ್ದಾನಾ, ಅಥವಾ ಯಜಮಾನನನ್ನು ನೋಡುತ್ತಿದ್ದಾನಾ? ಇದೊಂದು ಪ್ರಶ್ನೆಯಿಂದ ಅರ್ಧ ಚಿತ್ರ ಬಿಚ್ಚಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಉದ್ದನೆಯವನು ಆದರ್ಶ, ಕುಳ್ಳನೆಯವನು ವಾಸ್ತವ ಅನ್ನುವ ಲೆಕ್ಕ ಬಲು ಸುಲಭ, ಪರೀಕ್ಷೆಗೆ ಉತ್ತರ ಬರೆಯಲೂ ಚೆನ್ನಾಗಿದೆ, ಆದರೆ ಪುಸ್ತಕ ಅದನ್ನು ಒಪ್ಪುವುದಿಲ್ಲ. ಸಾಂಚೋ ಹೆಂಡತಿ ಮಕ್ಕಳನ್ನು ಬಿಟ್ಟು ಹೊರಟಿದ್ದೇ ಒಂದು ದ್ವೀಪದ ಅಧಿಕಾರ ಸಿಗುತ್ತದೆ ಅನ್ನುವ ಆಸೆಗೆ. ಅದು ಕನಸಲ್ಲದೆ ಇನ್ನೇನು? ಎರಡನೇ ಭಾಗದ 10ನೇ ಅಧ್ಯಾಯದಲ್ಲಂತೂ ಎಲ್ಲ ತಲೆಕೆಳಗಾಗುತ್ತದೆ. ಯಜಮಾನನ ಪ್ರೇಯಸಿ ದುಲ್ಸಿನಿಯಾಳನ್ನು ಹುಡುಕಿ, ಅವನನ್ನು ಕಾಣಲು ಒಪ್ಪಿಸಿ ಬರಬೇಕು, ಅಂಥವಳು ಎಲ್ಲೂ ಇಲ್ಲ ಅಂತ ಸಾಂಚೋನಿಗೆ ಗೊತ್ತು. ಕತ್ತೆ ಮೇಲೆ ಬರುತ್ತಿದ್ದ ಮೂವರು ಹಳ್ಳಿ ಹುಡುಗಿಯರನ್ನು ತೋರಿಸಿ, ಅಗೋ ರಾಜಕುಮಾರಿ, ಜೊತೆಗೆ ಸಖಿಯರು ಅಂತ ಮಂಡಿಯೂರಿಬಿಡುತ್ತಾನೆ. ಡಾನ್ ಕ್ವಿಕ್ಸೋಟ್ ಕಣ್ಣರಳಿಸಿ ನೋಡುತ್ತಾನೆ. ಅವನಿಗೆ ಕಾಣುವುದು ಕತ್ತೆ ಮೇಲಿನ ಹಳ್ಳಿ ಹುಡುಗಿಯರು ಮಾತ್ರ. ಗಿರಣಿಯಲ್ಲಿ ರಾಕ್ಷಸನನ್ನು ಕಂಡವನಿಗೆ ಇಲ್ಲಿ ಇದ್ದದ್ದು ಇದ್ದ ಹಾಗೇ ಕಾಣುತ್ತದೆ, ಮತ್ತು ಅದೇ ಅವನಿಗೆ ಸಂಕಟ. ಆಮೇಲೆ ಅವನು, ಮಾಂತ್ರಿಕರು ನನ್ನ ಕಣ್ಣಿಗೆ ಮಂಕು ಕವಿಸಿದ್ದಾರೆ ಅಂತ ಸಮಾಧಾನ ಹೇಳಿಕೊಳ್ಳುತ್ತಾನೆ.

ಈ ಅಧ್ಯಾಯ ಓದಿ ಬಂದ ಮೇಲೆ ಸಾಂಚೋನ ದುಂಡು ಮುಖ ನನಗೆ ಮೊದಲಿನಷ್ಟು ಮುಗ್ಧವಾಗಿ ಕಂಡಿಲ್ಲ.

6. ಹೊಳೆಯುವ ವಸ್ತು ಇದ್ದರೆ ಅಲ್ಲಿ ನಿಲ್ಲಿ

ಇದು ಚಿಕ್ಕ ಉಪಾಯ. ಮರಕೆತ್ತನೆಯಲ್ಲಿ ಬೆಳಕು ಬೇಕಾದರೆ ಮರ ತೆಗೆಯಬೇಕು, ಹಾಗಾಗಿ ಬಿಳಿ ಎಲ್ಲೂ ಸುಮ್ಮನೆ ಬರುವುದಿಲ್ಲ. ಕುರ್ಚಿಯ ಚಿತ್ರವನ್ನು ಕಣ್ಣು ಅರ್ಧ ಮುಚ್ಚಿಕೊಂಡು ನೋಡಿ, ಯಾವ ಜಾಗ ಅತಿ ಬಿಳಿ ಅಂತ ಬರೆದುಕೊಳ್ಳಿ, ಯಾವುದು ಅತಿ ಕಪ್ಪು ಅಂತಲೂ. ಆ ಬೆಳಕು ಪುಸ್ತಕದ ಮೇಲೆ ಬಿದ್ದಿದೆಯೋ, ಮನುಷ್ಯನ ಮೇಲೋ, ಅವನ ಸುತ್ತಲಿನ ಗುಂಪಿನ ಮೇಲೋ?

ಇದಕ್ಕೆ ಸರಿಸಾಟಿಯಾದ ಪ್ರಸಂಗ ಕತೆಯಲ್ಲೇ ಇದೆ. ಮೊದಲ ಭಾಗದ 21ನೇ ಅಧ್ಯಾಯದಲ್ಲಿ ದೂರದಿಂದ ಒಬ್ಬ ಬರುತ್ತಿದ್ದಾನೆ, ತಲೆ ಮೇಲೆ ಏನೋ ಚಿನ್ನದ ಹಾಗೆ ಹೊಳೆಯುತ್ತಿದೆ. ಡಾನ್ ಕ್ವಿಕ್ಸೋಟ್‌ಗೆ ಅದು ಮಾಂಬ್ರಿನೋ ಅನ್ನುವವನ ಚಿನ್ನದ ಶಿರಸ್ತ್ರಾಣ. ನಿಜಕ್ಕೂ ಅದು ಕ್ಷೌರಿಕನ ಹಿತ್ತಾಳೆ ಬೋಗುಣಿ. ಮಳೆ ಬಂತು, ಹೊಸ ಟೋಪಿ ಹಾಳಾಗಬಾರದು ಅಂತ ಬೋರಲು ಹಾಕಿಕೊಂಡಿದ್ದಾನೆ ಪಾಪ. ಗಿರಣಿಯ ಕಡೆ ನಿಜವನ್ನು ಮೊದಲೇ ಹೇಳಿದ ಸೆರ್ವಾಂಟಿಸ್ ಇಲ್ಲಿ ಮೊದಲು ಹೊಳಪನ್ನು ತೋರಿಸುತ್ತಾನೆ, ಬೋಗುಣಿಯ ಗುಟ್ಟು ಆಮೇಲೆ. ಹೊಳೆದದ್ದಂತೂ ನಿಜವೇ ತಾನೇ. ಸಾಂಚೋ ಕೂಡ ಏನೋ ಹೊಳೆಯುತ್ತಿದೆ ಅಂತ ಒಪ್ಪುತ್ತಾನೆ.

7. ಇನ್ನೊಬ್ಬನ ಚಿತ್ರ ಪಕ್ಕಕ್ಕಿಡಿ

ಹೆಚ್ಚು ಬೇಡ, ಒಂದು ಸಾಕು. 1836ರಲ್ಲಿ ಇದೇ ಪ್ಯಾರಿಸ್‌ನಲ್ಲಿ, ದೋರೆಯ ಆವೃತ್ತಿಯಲ್ಲೂ ಇರುವ ಲೂಯಿ ವಿಯಾರ್ದೋನ ಫ್ರೆಂಚ್ ಅನುವಾದಕ್ಕೇ, ತೋನಿ ಜೊಹಾನೋ ಚಿತ್ರ ಬರೆಯತೊಡಗಿದ್ದ. ಅವೂ ಮರಕೆತ್ತನೆ, ಆದರೆ ಸಾಲುಗಳ ನಡುವೆ ಕೂರುವ ಪುಟ್ಟ ಪುಟ್ಟ ಚಿತ್ರಗಳು. ಕತೆಯ ಜೊತೆ ನಡೆಯುತ್ತಾ ನೋಡುವಂಥವು. ದೋರೆಯದು ಪುಟ ತಿರುಗಿಸುವ ಕೈಯನ್ನು ನಿಲ್ಲಿಸುವಂಥದ್ದು. ಕಪ್ಪು ಬಿಳುಪು ಬೇಸರವಾದರೆ ಒನೊರೆ ದೋಮಿಯೇ ಅನ್ನುವ ಫ್ರೆಂಚ್ ಕಲಾವಿದ ಬಳಿದ ವರ್ಣಚಿತ್ರಗಳನ್ನು ನೋಡಿ. ಅವನ ಡಾನ್ ಕ್ವಿಕ್ಸೋಟ್‌ಗೆ ಎಷ್ಟೋ ಕಡೆ ಕಣ್ಣು ಮೂಗೇ ಇಲ್ಲ. ಕುದುರೆ, ಈಟಿ, ಒಂದು ಉದ್ದನೆಯ ಆಕಾರ, ಅಷ್ಟೇ.

ಹೀಗೆ ಹೋಲಿಸುವಾಗ ಒಂದು ಲೆಕ್ಕ ನೆನಪಿರಲಿ. 1605ಕ್ಕೂ 1863ಕ್ಕೂ ನಡುವೆ 258 ವರ್ಷ. ಶುರುವಿನ ಓದುಗರಿಗೆ ಇದು ಹೊಟ್ಟೆ ಹುಣ್ಣಾಗುವಂತೆ ನಗಿಸುವ ಪುಸ್ತಕ. ಸೋತರೂ ಬಿಡದ ಕನಸುಗಾರ, ಕಣ್ಣೀರು ತರಿಸುವ ನಾಯಕ ಅನ್ನುವ ನೋಟ ಗಟ್ಟಿಯಾಗಿದ್ದು ಹತ್ತೊಂಬತ್ತನೇ ಶತಮಾನದ ರೊಮ್ಯಾಂಟಿಕ್ ಓದುಗರಿಂದ. ದೋರೆ ಆ ನೋಟವನ್ನು ಉಂಡು ಬೆಳೆದವನು. ಜೊತೆಗೆ ಪುಸ್ತಕ ಬರುವ ಮೊದಲೇ ಸ್ಪೇನ್ ಸುತ್ತಿ, ಅಲ್ಲಿನ ಬಂಡೆ, ಬಯಲು, ದಾರಿ, ಜನ ಎಲ್ಲವನ್ನೂ ಕಣ್ಣಾರೆ ಕಂಡು ಬಂದಿದ್ದ. ಹಾಗಾಗಿ ಅವನ ಚಿತ್ರದಲ್ಲಿ ನೆಲ ನಿಜವಾದ ಸ್ಪೇನ್, ಆಕಾಶ ಪ್ಯಾರಿಸ್‌ನ ಕನಸು ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ, ಒಪ್ಪದಿದ್ದರೆ ಬಿಡಿ.

8. ಮೂರು ಸಾಲು ಬರೆಯಿರಿ

ನೋಡಿದ್ದು ಮರುದಿನಕ್ಕೆ ಆರಿಹೋಗುತ್ತದೆ, ಅದಕ್ಕೆ ಬರೆಯಬೇಕು. 'ಆದರ್ಶ', 'ವಾಸ್ತವ' ಎರಡೂ ಪದ ಬಳಸದೆ ಬರೆಯಿರಿ, ಇದೊಂದೇ ನಿಯಮ. ಮೊದಲ ಸಾಲಲ್ಲಿ ಕಣ್ಣಿಗೆ ಕಂಡ ಒಂದು ವಸ್ತು. ಎರಡನೆಯದರಲ್ಲಿ ಅದನ್ನು ಹೇಗೆ ಕೆತ್ತಿದ್ದಾರೆ. ಮೂರನೆಯದರಲ್ಲಿ ನೀವು ಯಾರ ಕಣ್ಣಿನಿಂದ ನೋಡುತ್ತಿದ್ದೀರಿ. ನನ್ನ ಟಿಪ್ಪಣಿ ಪುಸ್ತಕದಿಂದ ಒಂದು: 'ನೆಲದ ಮೇಲೆ ರಾಕ್ಷಸನ ತಲೆ. ಪಕ್ಕದ ಪುಸ್ತಕದಷ್ಟೇ ಗಟ್ಟಿ ಗೆರೆ. ಕುರ್ಚಿಯಲ್ಲಿರುವವನು ಕಾಲು ಚಾಚಿದರೆ ಎಡವುತ್ತಾನೆ ಅನಿಸಿತು, ಅಂದರೆ ನಾನೂ ಅವನ ಹಾಗೇ ನೋಡತೊಡಗಿದ್ದೇನೆ.'

ಮೊದಮೊದಲು ಪೆದ್ದುಪೆದ್ದಾಗಿ ಬರುತ್ತದೆ, ಪರವಾಗಿಲ್ಲ. ಐದಾರು ಚಿತ್ರ ಆದಮೇಲೆ ಕೈ ಪಳಗುತ್ತದೆ.

ಅಂದಹಾಗೆ, ಆ ಚುಕ್ಕಿ ಹಾಳೆಯ ನಂತರ ಇನ್ನೊಂದು ಕೊಂಡೆ, ಕುರ್ಚಿಯ ಚಿತ್ರವೇ. ಕಾಗದ ದಪ್ಪಗಿದೆ, ಮಸಿ ಒಳ್ಳೇ ಕಪ್ಪು. ಚೌಕಟ್ಟು ಹಾಕಿಸಿ ಮೇಜಿನ ಎದುರಿನ ಗೋಡೆಗೆ ತೂಗುಹಾಕಿದ್ದೇನೆ. ಭೂತಗನ್ನಡಿ ಅದೇ ಮೇಜಿನ ಖಾನೆಯಲ್ಲಿದೆ. ಇನ್ನೂ ಹಿಡಿದು ನೋಡಿಲ್ಲ.